ಬೂಸರು ಹಿಡಿದ ಕ್ಯಾಸೆಟ್ಟಿನೊಳಗೆ ಉಳಿದಿದ್ದ ‘ಸ್ಟಾರ್ ವಾರ್ಸ್’

ಆಟಿ ಅಮಾವಾಸ್ಯೆ ಕಳೆದ ಮರುದಿನ ಅಟ್ಟದಿಂದ ತಗಡಿನ ಟ್ರಂಕು ಇಳಿಸಿದೆವು. ಮಾಡಿನ ಒಂದು ಹಂಚು ಜರಗಿ ಹನಿ ನೇರ ಅದರ ಮೇಲೆಯೇ ಬೀಳುತ್ತಿತ್ತು. ನಮ್ಮ ಮನೆ ಇರುವುದು ಉಡುಪಿಗೆ ಹತ್ತಿರದ ಕಲ್ಯಾಣಪುರದಲ್ಲಿ. ಒಂದು ಕಡೆ ಸ್ವರ್ಣಾ ನದಿ, ಇನ್ನೊಂದು ಕಡೆಯಿಂದ ಕಡಲ ಗಾಳಿ. ಮಳೆಗಾಲದಲ್ಲಿ ಚರ್ಮದ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಯಾವುದನ್ನು ನಾಲ್ಕು ದಿನ ಮುಟ್ಟದೆ ಬಿಟ್ಟರೂ ಬೂಸರು ಬಂದಿರುತ್ತದೆ. ಟ್ರಂಕಿನಲ್ಲಿದ್ದದ್ದು ಚಿಕ್ಕಪ್ಪ ಬಹರೈನಿನಲ್ಲಿದ್ದಾಗ ರಜೆಗೆ ಬಂದಾಗಲೆಲ್ಲ ಹೊತ್ತು ತಂದ ಹನ್ನೊಂದು ವಿಎಚ್‌ಎಸ್ ವಿಡಿಯೊ ಕ್ಯಾಸೆಟ್. ಅದರಲ್ಲೊಂದು ಹಾಲಿವುಡ್ಡಿನ ಅಂತರಿಕ್ಷದ ಕಥೆ ‘ಸ್ಟಾರ್ ವಾರ್ಸ್’. ಅಂಗಡಿಯಲ್ಲಿ ಕೊಂಡದ್ದು, ಟಿವಿಯಿಂದ ತುಂಬಿಸಿದ್ದಲ್ಲ. ಹೊರಗಿನ ರಟ್ಟಿನ ಪೆಟ್ಟಿಗೆ ಎಂದೋ ಹೋಗಿತ್ತು, ಮೇಲಿನ ಲೇಬಲ್ಲಿನಲ್ಲಿ ಇಸವಿ ಅಳಿಸಿಹೋಗಿತ್ತು.

ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದೆ. ಪಾರದರ್ಶಕ ಕಿಟಕಿಯೊಳಗೆ ಸುರುಳಿಯ ಅಂಚಿನ ಮೇಲೆ ಬಿಳಿ ಎಳೆಗಳು, ತೆಂಗಿನ ಹಸಿ ತುರಿ ಉದುರಿಸಿದ ಹಾಗೆ. ಕರಾವಳಿಯಲ್ಲಿ ಹಳೆ ಕ್ಯಾಸೆಟ್ ಇರುವ ಮನೆಯವರೆಲ್ಲ ಇದನ್ನು ಕಂಡಿರುತ್ತಾರೆ, ಕಂಡು ಬಿಸಾಡಿರುತ್ತಾರೆ. ನಾನು ಬಿಸಾಡಲಿಲ್ಲ. ಮುಂದಿನ ಆರು ವಾರ ಮಾಡಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ, ಇನ್ನೊಬ್ಬರ ಅಟ್ಟದಲ್ಲೂ ಇಂಥ ಟ್ರಂಕು ಇದ್ದೀತು ಎಂದು.

ಇದೇ ಕ್ಯಾಸೆಟ್ ಯಾಕೆ

‘ಸ್ಟಾರ್ ವಾರ್ಸ್’ ಬಿಡುಗಡೆಯಾದದ್ದು 1977ರ ಮೇ 25ರಂದು. ಇಪ್ಪತ್ತು ವರ್ಷ ಕಳೆದು, 1997ರ ಜನವರಿಯಲ್ಲಿ, ನಿರ್ದೇಶಕ ಜಾರ್ಜ್ ಲ್ಯೂಕಸ್ ಅದನ್ನು ತಿದ್ದಿ ‘ಸ್ಪೆಷಲ್ ಎಡಿಷನ್’ ಎಂದು ಮತ್ತೆ ಥಿಯೇಟರಿಗೆ ತಂದರು. ಕಂಪ್ಯೂಟರಿನಲ್ಲಿ ಮಾಡಿದ ಪ್ರಾಣಿಗಳು ಮಾಸ್ ಐಸ್ಲಿ ಪಟ್ಟಣದ ಬೀದಿ ತುಂಬಿದವು. ಮೊದಲು ಕೈಬಿಟ್ಟಿದ್ದ, ಜಬ್ಬ ಎಂಬ ಪಾತಕಿಯ ದೃಶ್ಯ ಸೇರಿತು. ಹೋಟೆಲಿನ ಮೇಜಿನ ಮುಂದೆ ಕಳ್ಳಸಾಗಣೆಯ ಹಾನ್ ಸೋಲೊ ಒಬ್ಬನೇ ಗುಂಡು ಹೊಡೆಯುತ್ತಿದ್ದಲ್ಲಿ ಈಗ ಅವನನ್ನು ಹಿಡಿಯಲು ಬಂದ ಗ್ರೀಡೊ ಮೊದಲು ಹೊಡೆಯುವಂತಾಯಿತು. 2004ರ ಡಿವಿಡಿಗೆ ಇನ್ನಷ್ಟು ತಿದ್ದಿದರು, 2011ರ ಬ್ಲೂರೇಗೆ ಮತ್ತೂ ತಿದ್ದಿದರು. ಮೊದಲಿನ ರೂಪ 2006ರಲ್ಲಿ ಒಮ್ಮೆ ಡಿವಿಡಿಯಲ್ಲಿ ಬಂದದ್ದು ಹೌದು. ಆದರೆ ಅದು ತಿದ್ದಿದ ಆವೃತ್ತಿಯ ಜೊತೆಗಿಟ್ಟ ಹೆಚ್ಚುವರಿ ಡಿಸ್ಕು, 1993ರ ಲೇಸರ್‌ಡಿಸ್ಕಿಗೆ (ಡಿವಿಡಿಗಿಂತ ಹಿಂದಿನ ದೊಡ್ಡ ತಟ್ಟೆ) ಮಾಡಿದ ಮಾಸ್ಟರಿನಿಂದ ಇಳಿಸಿದ್ದು. ಹೊಸ ಟಿವಿಯಲ್ಲಿ ಹಾಕಿದರೆ ನಾಲ್ಕೂ ಕಡೆ ಕಪ್ಪು ಪಟ್ಟಿ, ನಡುವೆ ಸಣ್ಣ ಚಿತ್ರ.

ಅಲ್ಲಿಂದ ಮುಂದೆ ಕೆಲಸ ಹಿಡಿದವರು ಅಭಿಮಾನಿಗಳು. ಚೆಕ್ ದೇಶದ ಪೆತ್ರ್ ಹರ್ಮಾಚೆಕ್ ಬ್ಲೂರೇಯನ್ನೇ ಆಧಾರವಾಗಿಟ್ಟು, ತಿದ್ದಿದ ಜಾಗಕ್ಕೆಲ್ಲ ಬೇರೆ ಬೇರೆ ಮೂಲಗಳಿಂದ ಹಳೆಯ ದೃಶ್ಯ ಹೊಲಿದು ‘ಡಿಸ್ಪೆಷಲೈಸ್ಡ್’ ಆವೃತ್ತಿ ಕಟ್ಟಿದರು. ಇನ್ನೊಂದು ಗುಂಪು ಥಿಯೇಟರಿಗೆ ಕಳಿಸುತ್ತಿದ್ದ 35 ಮಿ.ಮೀ. ಫಿಲ್ಮಿನ ಪ್ರಿಂಟನ್ನೇ ಹುಡುಕಿ, ಸ್ಕ್ಯಾನ್ ಮಾಡಿ, ಕೊಳೆ ತೆಗೆದು ‘4ಕೆ77’ ಮಾಡಿತು. ಆ ಕಾಲದ ಸಾಮಾನ್ಯ ಪ್ರಿಂಟುಗಳಲ್ಲಿ ನೀಲಿ, ಹಸಿರು ಬಣ್ಣ ಹೋಗಿ ಈಗ ಬರೀ ಕೆಂಪು ಉಳಿದಿದೆ. ಟೆಕ್ನಿಕಲರ್ ವರ್ಣವರ್ಗಾವಣೆಯಲ್ಲಿ ತೆಗೆದ ಪ್ರಿಂಟುಗಳು ಮಾತ್ರ ಮಾಸಿಲ್ಲ, ಅದಕ್ಕೇ ಅವರು ಅಂಥದ್ದನ್ನು ಹುಡುಕಿದ್ದು.

ತಿದ್ದುವುದು ಲ್ಯೂಕಸ್ ಅವರ ಹಕ್ಕು, ನನಗೆ ಅದರಲ್ಲಿ ತಕರಾರಿಲ್ಲ. ಯಕ್ಷಗಾನ ನೋಡಿ ಬೆಳೆದ ನಮಗೆ ಬದಲಾವಣೆ ಹೊಸತಲ್ಲ. ನಿನ್ನೆ ಆಡಿದ ಪ್ರಸಂಗ ಇವತ್ತು ಬೇರೆ ಭಾಗವತರ ಬಾಯಲ್ಲಿ ಬೇರೆಯೇ ಆಗಿರುತ್ತದೆ, ಅರ್ಥಧಾರಿ ಹೊಸ ಮಾತು ತರುತ್ತಾನೆ. ಆದರೆ ಅದಕ್ಕಾಗಿ ಪ್ರಸಂಗದ ಪುಸ್ತಕವನ್ನು ಯಾರೂ ಕಪಾಟಿನಿಂದ ಎತ್ತಿಕೊಂಡು ಹೋಗುವುದಿಲ್ಲ. ಹೊಸ ಆಟ ಆಡಲಿ, ಹಳೆಯ ಪುಸ್ತಕ ಅಲ್ಲೇ ಇರಲಿ. ಇಲ್ಲಿ ಹಳೆಯದು ಸಿಗದಂತಾಯಿತು, ನನ್ನ ಹೊಟ್ಟೆಗೆ ಬೆಂಕಿ ಹತ್ತುವುದು ಅಲ್ಲಿಯೇ. ಕಂಪನಿಗಳು ಹಳೆಯ ಚಿತ್ರಗಳಿಗೆ ಬಣ್ಣ ಬಳಿದು ಕೆಡಿಸುವುದರ ವಿರುದ್ಧ 1988ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು ಮಾತಾಡಿದವರು ಇದೇ ಲ್ಯೂಕಸ್. ಅದನ್ನು ಓದಿದ ಮೇಲೆ ನನಗೆ ಇನ್ನೂ ಹೆಚ್ಚು ಬೇಸರವಾಯಿತು. ಚಿಕ್ಕಪ್ಪನ ಕ್ಯಾಸೆಟ್ 1997ಕ್ಕೂ ಹಿಂದಿನದ್ದಾದರೆ ಅದರಲ್ಲಿ ಆ ಹಳೆಯ ರೂಪ ಇರಬೇಕು ಎಂದು ಕೈಹಾಕಿದೆ.

ಒಣಗಿಸುವುದು

ಬೂಸರಿನ ಟೇಪನ್ನು ಯಾವ ಕಾರಣಕ್ಕೂ ಹಾಗೇ ವಿಸಿಆರಿಗೆ, ಅಂದರೆ ಕ್ಯಾಸೆಟ್ ಆಡಿಸುವ ಯಂತ್ರಕ್ಕೆ, ಹಾಕಬಾರದು. ಟೇಪನ್ನು ಓದುವ ಹೆಡ್ಡು ಕಟ್ಟಿಹೋಗುತ್ತದೆ, ಆಮೇಲೆ ಹಾಕುವ ಒಳ್ಳೆಯ ಟೇಪಿಗೂ ಅದೇ ಅಂಟುತ್ತದೆ. ಹಸಿಯಾಗಿರುವಾಗ ಒರೆಸಲೂಬಾರದು, ಜಿಡ್ಡಿನ ಹಾಗೆ ಹರಡುತ್ತದೆ. ಮೊದಲು ಒಣಗಬೇಕು. ಒಣಗಿದರೆ ಅದು ಪುಡಿಯಾಗಿ ಬಿಟ್ಟುಬರುತ್ತದೆ.

ಆ ದಿನ ಮನೆಯೊಳಗಿನ ತೇವಮಾಪಕ ತೋರಿಸಿದ್ದು ಶೇಕಡಾ 88. ಬಿಗಿಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರ್ಧ ಕಿಲೊ ನೀಲಿ ಸಿಲಿಕಾ ಜೆಲ್ ಹಾಕಿ, ಮೇಲೊಂದು ಜಾಲರಿ ಇಟ್ಟು, ಅದರ ಮೇಲೆ ಕ್ಯಾಸೆಟ್ ನಿಲ್ಲಿಸಿದೆ. ಎರಡೇ ದಿನದಲ್ಲಿ ನೀಲಿ ಕಾಳು ಗುಲಾಬಿಯಾಯಿತು. ಒಂದು ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ, ಆ ನೀಲಿ ಬಣ್ಣ ಕೋಬಾಲ್ಟಿನದ್ದು, ವಿಷ. ಮೂರು ವಾರ ಹೀಗೆ ಹೋಯಿತು. ಕೊನೆಗೆ ಡಬ್ಬಿಯೊಳಗೆ 35ಕ್ಕೆ ಬಂದು ನಿಂತಿತು.

ಸುತ್ತುವ ಯಂತ್ರ

ಒರೆಸಬೇಕಾದರೆ ಇಡೀ ಟೇಪು ಬಟ್ಟೆಯ ನಡುವೆ ಹಾದು ಹೋಗಬೇಕು. ಉದ್ದ ಎಷ್ಟಿದ್ದೀತು ಎಂದು ಮೊದಲೇ ಲೆಕ್ಕ ಹಾಕಿದೆ. ಪಾಲ್ (ನಮ್ಮಲ್ಲಿ ಬಳಸುತ್ತಿದ್ದ ಟಿವಿ ಪದ್ಧತಿ) ವಿಎಚ್‌ಎಸ್‌ನಲ್ಲಿ ಟೇಪು ಸೆಕೆಂಡಿಗೆ 23.39 ಮಿ.ಮೀ. ಓಡುತ್ತದೆ. ಚಿತ್ರ 116 ನಿಮಿಷವೆಂದರೆ ಹತ್ತಿರ ಹತ್ತಿರ 163 ಮೀಟರ್. ಕೈಯಲ್ಲಿ ಸುತ್ತುವ ಕೆಲಸವಲ್ಲ.

ಪಕ್ಕದ ಮನೆಯ ಮಾಮನಿಗೆ ಎಪ್ಪತ್ತು ದಾಟಿದೆ. ಉಡುಪಿ ಪೇಟೆಯಲ್ಲಿ ವರ್ಷಗಟ್ಟಲೆ ರೇಡಿಯೊ, ಟಿವಿ, ವಿಸಿಆರ್ ರಿಪೇರಿ ಮಾಡಿದ ಕೈ. ಜಗಲಿಯಲ್ಲಿ ನಾನು ಹಲಗೆ ಕೊಯ್ಯುವುದನ್ನು ಕಂಡು ಬಂದು ಕೂತರು.

“ಎಂತ ಮಾಡ್ತಿದ್ದಿ ಮಾರಾಯ?”

“ಕ್ಯಾಸೆಟ್ ತೊಳಿಲಿಕ್ಕೆ ಒಂದು ಮಿಶಿನ್, ಮಾಮ.”

“ತೊಳಿಯುವುದಲ್ಲ, ಒರೆಸುವುದು ಹೇಳು. ನೀರು ತಾಗಿಸ್ಬೇಡ. ನನ್ನ ಹತ್ರ ಸತ್ತ ವಿಸಿಆರ್ ಒಂದು ಉಂಟು, ಅದರ ರೀಲ್ ಕೂರುವ ಎರಡು ಬುಡ ಬಿಚ್ಚಿ ತಕೊ.”

ಹಾಗೆ ಯಂತ್ರ ತಯಾರಾಯಿತು: ಒಂದಡಿ ಉದ್ದದ ಪ್ಲೈವುಡ್, ಅದರ ಮೇಲೆ ಆ ಎರಡು ಬುಡ, ಒಂದಕ್ಕೆ 12 ವೋಲ್ಟಿನ ಗೇರ್ ಮೋಟರ್, ನಿಮಿಷಕ್ಕೆ 60 ಸುತ್ತು. ಇನ್ನೊಂದು ಬುಡ ಸುಮ್ಮನೆ ತಿರುಗಿದರೆ ಟೇಪು ಸಡಿಲ ಬಿದ್ದು ಮಡಚಿಕೊಳ್ಳುತ್ತದೆ. ಅದಕ್ಕೆ ಫೆಲ್ಟಿನ ತುಂಡೊಂದನ್ನು ಸಣ್ಣ ಸ್ಪ್ರಿಂಗಿನಿಂದ ಒತ್ತಿಟ್ಟೆವು, ಬಾವಿಯ ರಾಟೆಗೆ ಕೈ ಅಡ್ಡ ಹಿಡಿದಷ್ಟೇ ತಡೆ. ನಡುವೆ ಸತ್ತ ವಿಸಿಆರಿನದ್ದೇ ನಾಲ್ಕು ಗೈಡ್ ರೋಲರ್, ಅವುಗಳ ನಡುವೆ ಎದುರುಬದುರಾಗಿ ಎರಡು ಮೆತ್ತೆ. ಮೆತ್ತೆಗೆ ಕನ್ನಡಕ ಒರೆಸುವಂಥ ಎಳೆ ಬಿಡದ ಬಟ್ಟೆ ಸುತ್ತಿದೆ.

ಕ್ಯಾಸೆಟ್ ಬಿಚ್ಚುವುದು ಕಷ್ಟವಲ್ಲ. ಹಿಂಬದಿಯಲ್ಲಿ ಐದು ಸ್ಕ್ರೂ. ಎರಡು ಭಾಗ ಸೇರುವ ಗೆರೆಯ ಮೇಲೆ ಲೇಬಲ್ಲು ಅಂಟಿದ್ದರೆ ಬ್ಲೇಡಿನಲ್ಲಿ ನೇರ ಗೀರಬೇಕು. ಮೇಲಿನ ಮುಚ್ಚಳ ತೆಗೆಯುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿಡಿ, ಸಣ್ಣ ಸ್ಪ್ರಿಂಗು, ಬ್ರೇಕಿನ ತುಂಡು ಎಲ್ಲಿ ಕೂತಿದ್ದವು ಎಂದು ಆಮೇಲೆ ನೆನಪಿರುವುದಿಲ್ಲ. ಎರಡೂ ಸುರುಳಿ ಎತ್ತಿ ಹಲಗೆಗೆ ಕೂರಿಸಿದೆ. ಹಳೆಯ ಕೂಡನ್ನು, ಅಂದರೆ ಪ್ಲಾಸ್ಟಿಕ್ಕಿನ ಹೊರಕವಚವನ್ನು, ಇಟ್ಟುಕೊಳ್ಳಲಿಲ್ಲ, ಒಳಗೋಡೆಯಲ್ಲೂ ಬೂಸರಿತ್ತು. ಲೇಬಲ್ಲನ್ನು ಮಾತ್ರ ಬಿಡಿಸಿ ತೆಗೆದಿಟ್ಟೆ.

ಕೆಲಸವೆಲ್ಲ ಜಗಲಿಯಲ್ಲಿ, ಗಾಳಿ ಹೊರಗೆ ಬೀಸುವ ಹೊತ್ತಿನಲ್ಲಿ, ಎನ್95 ಮಾಸ್ಕ್ ಹಾಕಿ. ಅಮ್ಮನಿಗೆ ಉಬ್ಬಸ, ಈ ಪುಡಿ ಮನೆಯೊಳಗೆ ಬರುವಂತಿಲ್ಲ. ಮೊದಲ ಸಲ ಸುತ್ತಿ ಮುಗಿಯಲು ಹದಿನೆಂಟು ನಿಮಿಷ, ಸುಮಾರು 1,100 ಸುತ್ತು. ಬಟ್ಟೆಯ ಮೇಲೆ ಎರಡು ಬಿಳಿ ಗೆರೆ ಬಂತು, ಟೇಪಿನ ಎರಡು ಅಂಚು ತಾಗುವಲ್ಲಿ ಮಾತ್ರ. ನಡುಭಾಗ ಶುಭ್ರ. ಅದನ್ನು ಕಂಡು ಜೀವ ಬಂದ ಹಾಗಾಯಿತು, ಏಕೆಂದರೆ ಚಿತ್ರ ಇರುವುದು ನಡುಭಾಗದಲ್ಲಿ. ಮೇಲಂಚಿನಲ್ಲಿ ಧ್ವನಿ, ಕೆಳಂಚಿನಲ್ಲಿ ವೇಗ ಹಿಡಿದುಕೊಡುವ ಕಂಟ್ರೋಲ್ ಟ್ರ್ಯಾಕ್. ಅಂಚು ಹಾಳಾಗಿದ್ದರೆ ಮಾತು ಮುಗ್ಗರಿಸುತ್ತದೆ, ಚಿತ್ರ ಅಲುಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ.

ಐದನೆಯ ಸಲ ಇಡೀ ಟೇಪು ಸುತ್ತುವಾಗ ನನ್ನಿಂದ ಒಂದು ತಪ್ಪಾಯಿತು. ಅಂಚಿನಲ್ಲಿ ಉಳಿದ ಚುಕ್ಕೆ ಹೋಗಲೆಂದು ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪ ಹೆಚ್ಚೇ ತಾಗಿಸಿದೆ. ಒಂದು ನಿಮಿಷದಲ್ಲಿ ಬಟ್ಟೆಯ ಮೇಲೆ ಚಹದ ಕಲೆಯಂಥ ಕಂದು ಗೆರೆ. ಅದು ಕೊಳೆಯಲ್ಲ, ಟೇಪಿನ ಮೇಲಿನ ಆಕ್ಸೈಡು, ಅಂದರೆ ಚಿತ್ರವೇ. ಮೋಟರ್ ನಿಲ್ಲಿಸಿದೆ. ಅಷ್ಟು ಹೊತ್ತಿಗೆ ಎಷ್ಟೋ ಮೀಟರ್ ಹಾದು ಹೋಗಿತ್ತು. ಆಮೇಲೆ ಎಲ್ಲ ಸುತ್ತೂ ಒಣ ಬಟ್ಟೆಯಲ್ಲೇ, ಪ್ರತಿ ಸುತ್ತಿಗೂ ಹೊಸ ಬಟ್ಟೆ. ಒಂಬತ್ತನೆಯ ಸುತ್ತಿಗೆ ಬಟ್ಟೆ ಹಾಕಿದ ಹಾಗೆಯೇ ಹೊರಬಂತು.

ವಿಸಿಆರ್

ಆಡಿಸಲು ತಂದದ್ದು ಮಂಗಳೂರಿನ ಹಂಪನಕಟ್ಟೆ ಕಡೆ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಒಂದು ವಿಸಿಆರ್. ಕರೆಂಟು ಬರುತ್ತಿತ್ತು, ಕ್ಯಾಸೆಟ್ ನುಂಗಿ ಹಾಗೇ ಉಗುಳುತ್ತಿತ್ತು. ಮಾಮ ಮುಚ್ಚಳ ತೆಗೆದು ನೋಡಿದ್ದೇ ಹೇಳಿದರು, “ಬೆಲ್ಟು ಬೆಲ್ಲ ಆಗಿದೆ.” ನಿಜವೇ, ಲೋಡಿಂಗ್ ಬೆಲ್ಟು ಕರಗಿ ಪುಲ್ಲಿಗೆ ಕಪ್ಪು ಪಾಕದ ಹಾಗೆ ಅಂಟಿತ್ತು. ಆಲ್ಕೊಹಾಲಿನಲ್ಲಿ ಒರೆಸಿ ತೆಗೆದು ಅದೇ ಅಳತೆಯ ಚೌಕ ಬೆಲ್ಟು ಹಾಕಿದೆವು. ಒತ್ತು ರೋಲರಿನ ರಬ್ಬರ್ ಗಾಜಿನಂತೆ ಹೊಳೆಯುತ್ತಿತ್ತು, ಸಣ್ಣ ಮರಳು ಕಾಗದದಲ್ಲಿ ಹಿಡಿತ ಬರುವಷ್ಟು ಉಜ್ಜಿದರು. ಪವರ್ ಸಪ್ಲೈಯಲ್ಲಿ ಉಬ್ಬಿದ ಮೂರು ಕೆಪಾಸಿಟರ್ ಬದಲಾಯಿಸಿದ್ದು ನಾನು.

ಹೆಡ್ಡು ಒರೆಸುವುದನ್ನು ಮಾತ್ರ ನನ್ನ ಕೈಗೆ ಕೊಡಲಿಲ್ಲ. ಹೆಡ್ಡು ಕೂರುವ 62 ಮಿ.ಮೀ. ವ್ಯಾಸದ ಡ್ರಮ್ಮು ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಅದರ ಅಂಚಿನಲ್ಲಿರುವ ಹೆಡ್ಡಿನ ತುದಿ ಕೂದಲೆಳೆಯಷ್ಟು, ಮೇಲೆ ಕೆಳಗೆ ಉಜ್ಜಿದರೆ ಮುರಿದೇ ಹೋಗುತ್ತದೆ. ಮಾಮ ಮೆತ್ತನೆಯ ಚರ್ಮದ ತುಂಡಿಗೆ ಆಲ್ಕೊಹಾಲ್ ತಾಗಿಸಿ ಡ್ರಮ್ಮಿಗೆ ಒತ್ತಿ ಹಿಡಿದರು. ಕೈ ಅಲ್ಲಾಡಿಸಲಿಲ್ಲ. ಇನ್ನೊಂದು ಕೈಯ ಬೆರಳಿನಿಂದ ಡ್ರಮ್ಮನ್ನೇ ನಿಧಾನ ತಿರುಗಿಸಿದರು. ಚರ್ಮದ ಮೇಲೆ ಪೆನ್ಸಿಲಿನ ಗೀರಿನಂತೆ ಸಣ್ಣ ಕಪ್ಪು ಗೆರೆ ಬಿತ್ತು. “ಸಾಕು” ಎಂದರು.

ಸಿಗ್ನಲ್ ಹಿಡಿಯುವುದು

ಹಳದಿ ವೈರಿನಲ್ಲಿ ಬರುವ ಚಿತ್ರವನ್ನು ಅಗ್ಗದ ಯುಎಸ್‌ಬಿ ಕಡ್ಡಿಗೆ ಕೊಡಬಹುದಿತ್ತು. ಒಮ್ಮೆ ಹಾಗೇ ಮಾಡಿ ನೋಡಿದೆ. ಅಂಚು ಹಾಳಾದಲ್ಲೆಲ್ಲ ಕಡ್ಡಿ ಫ್ರೇಮ್ ನುಂಗುತ್ತದೆ, ಅರ್ಧ ಗಂಟೆಗೆ ಮಾತಿಗೂ ತುಟಿಗೂ ತಾಳೆ ತಪ್ಪುತ್ತದೆ. ಅದಕ್ಕೆ ‘ವಿಎಚ್‌ಎಸ್ ಡಿಕೋಡ್’ ದಾರಿ ಹಿಡಿದೆ. ಲೇಸರ್‌ಡಿಸ್ಕ್ ಉಳಿಸಲೆಂದು ಬರೆದ ಮುಕ್ತ ತಂತ್ರಾಂಶ ಬೆಳೆದು ಆದದ್ದು ಇದು. ಹೆಡ್ಡಿನಿಂದ ಬರುವ ಕಚ್ಚಾ ಆರ್‌ಎಫ್ (ರೇಡಿಯೊ ಆವರ್ತನದ) ಸಿಗ್ನಲನ್ನೇ ಹಿಡಿದಿಟ್ಟು, ವಿಸಿಆರ್ ಮಾಡುವ ಉಳಿದ ಕೆಲಸವನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡುತ್ತದೆ. ವಿಎಚ್‌ಎಸ್ ಕಪ್ಪು ಬಿಳುಪನ್ನು 3.8ರಿಂದ 4.8 ಮೆಗಾಹರ್ಟ್ಸ್ ನಡುವೆ ಎಫ್‌ಎಂ ಆಗಿಯೂ ಬಣ್ಣವನ್ನು 627 ಕಿಲೊಹರ್ಟ್ಸ್‌ಗೆ ಇಳಿಸಿಯೂ ಬರೆದಿರುತ್ತದೆ. ಎರಡೂ ಅದೇ ತಂತಿಯಲ್ಲಿ ಬರುತ್ತವೆ.

ಹೆಡ್ ಆಂಪ್ಲಿಫೈಯರ್ ಬೋರ್ಡಿನ ಪರೀಕ್ಷಾ ಬಿಂದುವಿಗೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೆಸೆದು, ಕವಚದ ತಂತಿ ಎಳೆದು, ಹಿಂದಿನ ತಗಡಿಗೆ ತೂತು ಕೊರೆದು ಬಿಎನ್‌ಸಿ ಸಾಕೆಟ್ ಕೂರಿಸಿದೆ. ಆಚೆ ತುದಿಯಲ್ಲಿ ಹಳೆ ಡೆಸ್ಕ್‌ಟಾಪು, ಅದರೊಳಗೆ ಕೊನೆಕ್ಸಂಟ್ ಚಿಪ್ಪಿನ ಟಿವಿ ಕಾರ್ಡು. ಅದು ಸೆಕೆಂಡಿಗೆ 2.86 ಕೋಟಿ ಸಲ ಸಿಗ್ನಲನ್ನು ಅಳೆಯುತ್ತದೆ, ಒಂದೊಂದು ಅಳತೆಗೆ ಒಂದು ಬೈಟ್. ಇಡೀ ಚಿತ್ರಕ್ಕೆ 200 ಜಿಬಿ. ಧ್ವನಿಯನ್ನು ವಿಸಿಆರಿನ ಆಡಿಯೊ ಔಟಿನಿಂದ ಪ್ರತ್ಯೇಕ ಹಿಡಿದೆ.

ಮೊದಲ ಯತ್ನದ ನಲವತ್ತನೆಯ ನಿಮಿಷದಲ್ಲಿ ಸಿಡಿಲು ಬಡಿದು ಕರೆಂಟು ಹೋಯಿತು. ಟೇಪು ಡ್ರಮ್ಮಿಗೆ ಸುತ್ತಿಕೊಂಡೇ ನಿಂತುಬಿಟ್ಟಿತು. ಮಾಮನನ್ನು ಕರೆದು ಲೋಡಿಂಗ್ ಮೋಟರನ್ನು ಕೈಯಲ್ಲಿ ತಿರುಗಿಸಿ ಬಿಡಿಸಿದೆವು, ಟೇಪಿಗೆ ಏನೂ ಆಗಲಿಲ್ಲ. ಎರಡನೆಯ ಸಲ ಯುಪಿಎಸ್ ಇಟ್ಟು, ಬೆಳಿಗ್ಗೆ ಐದು ಗಂಟೆಗೆ, ಗುಡುಗಿಲ್ಲದ ಹೊತ್ತು ನೋಡಿ ಶುರು ಮಾಡಿದೆ. ಒಟ್ಟು ಮೂರು ಸಲ ಪೂರ್ತಿ ಹಿಡಿದೆ. ಒಂದರಲ್ಲಿ ಕಾಣುವ ಗೀರು ಇನ್ನೊಂದರಲ್ಲಿ ಕಾಣದಿರಬಹುದು. ಡಿಕೋಡ್ ಆಗಲು ಒಂದೊಂದಕ್ಕೆ ಹನ್ನೊಂದು ಗಂಟೆ.

ಅದರಲ್ಲಿ ಇದ್ದದ್ದು

ಚಿತ್ರದ ಹೆಸರು ಬಂತು, ಹಳದಿ ಅಕ್ಷರ ಮೇಲಕ್ಕೆ ಹರಿಯತೊಡಗಿತು. ಮೊದಲ ಸಾಲೇ ‘ನಾಲ್ಕನೆಯ ಕಂತು, ಹೊಸ ಭರವಸೆ’ ಎನ್ನುವುದು. 1977ರಲ್ಲಿ ಆ ಸಾಲು ಇರಲಿಲ್ಲ. 1981ರ ಏಪ್ರಿಲ್‌ನ ಮರುಬಿಡುಗಡೆಗೆ ಸೇರಿಸಿದ್ದು. ಅಂದರೆ ನಾನು ಮೂಲ ಎಂದುಕೊಂಡು ಆರು ವಾರ ದುಡಿದದ್ದೂ ಒಮ್ಮೆ ತಿದ್ದಿದ ಪ್ರತಿಯೇ. ಆ ರಾತ್ರಿ ಅದನ್ನೇ ಯೋಚಿಸುತ್ತ ಕೂತೆ. 1997ಕ್ಕಿಂತ ಮೊದಲಿನದ್ದೆಲ್ಲ ಒಂದೇ ಎಂದುಕೊಂಡದ್ದು ನನ್ನ ತಪ್ಪು. ಧ್ವನಿಯೇ 1977ರಲ್ಲಿ ಮೂರು ಬಗೆ ಇತ್ತು: 70 ಮಿ.ಮೀ. ಪ್ರಿಂಟಿಗೆ ಆರು ಟ್ರ್ಯಾಕಿನದ್ದು, 35 ಮಿ.ಮೀ.ಗೆ ಡಾಲ್ಬಿ ಸ್ಟೀರಿಯೊ, ಸಾಮಾನ್ಯ ಥಿಯೇಟರುಗಳಿಗೆ ಮೊನೊ. ಮೂರರಲ್ಲೂ ಕೆಲವು ಮಾತು, ಕೆಲವು ಸದ್ದು ಬೇರೆ ಬೇರೆ.

ಮರುದಿನ ಕಿವಿಗೆ ಹೆಡ್‌ಫೋನ್ ಹಾಕಿ ಕೂತೆ. ಅಂತರಿಕ್ಷದ ಹಡಗನ್ನು ಎಳೆದು ಹಿಡಿದಿಟ್ಟ ‘ಟ್ರ್ಯಾಕ್ಟರ್ ಬೀಮ್’ ಎಂಬ ಕಿರಣದ ಬಗ್ಗೆ ಸಿ-ತ್ರೀಪಿಓ ಎಂಬ ರೋಬೋಟ್ ವಿವರಿಸುವ ಮಾತೊಂದುಂಟು. ಅದು ಮೊನೊದಲ್ಲಿತ್ತು, ಸ್ಟೀರಿಯೊದಲ್ಲಿರಲಿಲ್ಲ, 1993ರಲ್ಲಿ ಮನೆ ವಿಡಿಯೊಗೆ ಮಾಡಿದ ಹೊಸ ಮಿಶ್ರಣದಲ್ಲಿ ಮತ್ತೆ ಬಂತು. ನಮ್ಮ ಟೇಪಿನಲ್ಲಿ ಅದಿಲ್ಲ. ಹಾಗಾದರೆ ಇದು 1981ರ ಈಚಿನದ್ದು, 1993ರ ಆಚಿನದ್ದು. ಲೇಬಲ್ಲಿನಲ್ಲಿ ಅಳಿಸಿದ್ದ ಇಸವಿ ಟೇಪಿನೊಳಗಿಂದಲೇ ಸಿಕ್ಕಿದ ಹಾಗಾಯಿತು.

ಆಮೇಲೆ ಹೋಟೆಲಿನ ಮೇಜು. ಒಂದೊಂದೇ ಫ್ರೇಮ್ ಸರಿಸಿದೆ. ಹಾನ್ ಗೋಡೆಯನ್ನು ಬೆರಳಲ್ಲಿ ಕೆರೆಯುತ್ತ ಮಾತಾಡುತ್ತಿದ್ದಾನೆ. ಮೇಜಿನ ಕೆಳಗೆ ಕೈ. ಫಕ್ಕನೆ ಬೆಳಕು, ಹೊಗೆ, ಗ್ರೀಡೊ ಮೇಜಿನ ಮೇಲೆ ಬೀಳುತ್ತಾನೆ. ಗುಂಡು ಒಂದೇ. ಹಾನ್ ತಲೆ ತಪ್ಪಿಸಿಕೊಳ್ಳುವುದಿಲ್ಲ, ಅವನ ತಲೆಯತ್ತ ಏನೂ ಬರುವುದೇ ಇಲ್ಲ. ಎದ್ದು ಹೋಗುವಾಗ ನಾಣ್ಯ ಎಸೆದು ಹೋಗುತ್ತಾನೆ. ಈ ಮನುಷ್ಯ ಕೊನೆಯಲ್ಲಿ ಗೆಳೆಯನಿಗಾಗಿ ತಿರುಗಿ ಬರುವುದಕ್ಕೆ ಬೆಲೆ ಬರುವುದು ಇಲ್ಲಿ ಅವನು ಹೀಗಿದ್ದುದರಿಂದ. ತಿದ್ದುವಾಗ ಹೋದದ್ದು ಆ ಬೆಲೆ ಎಂದೇ ನನಗನಿಸುವುದು.

ಚಿತ್ರದ ಗುಣಮಟ್ಟಕ್ಕಾಗಿ ಈ ಟೇಪು ಯಾರಿಗೂ ಬೇಡ. 2.35ರ ಅಗಲದ ಚಿತ್ರವನ್ನು ಹಳೆ ಟಿವಿಯ ಚೌಕಕ್ಕೆ ಕತ್ತರಿಸಿದ್ದಾರೆ, ಶೇಕಡಾ 43 ಭಾಗ ಹೊರಗೆ. ಆದರೆ ಪಾಲ್ ಟೇಪಿನಲ್ಲಿ ಒಂದು ಒಳ್ಳೆಯದುಂಟು. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25ರಲ್ಲಿ ಓಡಿಸಿರುತ್ತಾರೆ, ಅದಕ್ಕೇ 121 ನಿಮಿಷದ್ದು 116ಕ್ಕೆ ಮುಗಿಯುವುದು, ಮಾತು ಸ್ವಲ್ಪ ಕೀಚಲಾಗುವುದು. ಆದರೆ ಒಂದು ಫ್ರೇಮೂ ಸೇರಿಲ್ಲ, ಕಳೆದಿಲ್ಲ. ಮತ್ತೆ 24ಕ್ಕೆ ಇಳಿಸಿದೆ. ಸಿ-ತ್ರೀಪಿಓ ಧ್ವನಿ ತನ್ನ ಶ್ರುತಿಗೆ ಬಂತು.

ಮೂರು ಹಿಡಿತಗಳನ್ನು ಸೇರಿಸಿ, ಗೀರು ಕಡಿಮೆ ಇರುವ ಫ್ರೇಮ್ ಆರಿಸಿ ಒಂದು ಪ್ರತಿ ಮಾಡಿದ್ದೇನೆ. ನಾನು ಆಲ್ಕೊಹಾಲ್ ಹೆಚ್ಚು ತಾಗಿಸಿದ ಜಾಗ ಮೂರರಲ್ಲೂ ಹಾಗೆಯೇ ಇದೆ: ಮರುಭೂಮಿಯ ಒಂದು ದೃಶ್ಯದಲ್ಲಿ ಬಿಳಿ ಗೀರು ಮಳೆಯಂತೆ ಸುರಿಯುತ್ತದೆ. ಅದನ್ನು ಬೇರೆ ಪ್ರತಿಯಿಂದ ಮುಚ್ಚಲಿಲ್ಲ. 200 ಜಿಬಿಯ ಕಚ್ಚಾ ಫೈಲು ಎರಡು ಹಾರ್ಡ್‌ಡಿಸ್ಕಿನಲ್ಲಿದೆ, ಒಂದು ನಮ್ಮಲ್ಲಿ, ಒಂದು ಮಂಗಳೂರಿನಲ್ಲಿ ಅಕ್ಕನ ಮನೆಯಲ್ಲಿ. ಹಂಚಲು ಮಾಡಿದ್ದಲ್ಲ, ಎಲ್ಲಿಗೂ ಏರಿಸುವುದಿಲ್ಲ.

ಚಿಕ್ಕಪ್ಪನಿಗೆ ಫೋನ್ ಮಾಡಿದೆ.

“ಅದು ಇನ್ನೂ ಉಂಟಾ? ನೀವು ಬಿಸಾಡಿದ್ದೀರಿ ಹೇಳಿ ನಾನು ಎಣಿಸಿದ್ದೆ. ಆ ಹೋಟ್ಲಲ್ಲಿ ಅವ ಒಬ್ಬನೇ ಹೊಡಿಯುವುದಲ್ವಾ? ನಿನ್ನ ತಮ್ಮ ಮೊನ್ನೆ ಟಿವಿಯಲ್ಲಿ ಹಾಕಿದ್ದ, ಅದರಲ್ಲಿ ಇಬ್ಬರೂ ಹೊಡಿತಾರೆ. ನನಗೇ ಮರೆತದ್ದು ಅಂದುಕೊಂಡೆ.”

“ನಿಮಗೆ ಮರೆತದ್ದಲ್ಲ ಚಿಕ್ಕಪ್ಪ. ಒಬ್ಬನೇ.”

ಟೇಪನ್ನು ಕೊನೆಯವರೆಗೆ ಒಂದೇ ವೇಗದಲ್ಲಿ ಸುತ್ತಿ, ಹೊಸ ಕೂಡಿಗೆ ಹಾಕಿ, ಹಳೆಯ ಲೇಬಲ್ಲನ್ನು ಅದರ ಮೇಲೆ ಅಂಟಿಸಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ ಡಬ್ಬಿಯಲ್ಲಿಟ್ಟಿದ್ದೇನೆ. ಟ್ರಂಕಿನ ಇನ್ನೊಂದು ಕ್ಯಾಸೆಟ್ಟಿನ ಮೇಲೆ ಚಿಕ್ಕಪ್ಪನ ಕೈಬರಹದಲ್ಲಿ ‘ಮನೆಯ ಆಟ’ ಎಂದಿದೆ. ನಮ್ಮ ಗದ್ದೆಯಲ್ಲಿ ಹರಕೆಯ ಬಯಲಾಟ ಆಡಿಸಿದಾಗ ತೆಗೆಸಿದ ವಿಡಿಯೊ, ಇದಕ್ಕೆ ಬೇರೆ ಪ್ರತಿ ಎಲ್ಲೂ ಇಲ್ಲ. ಬೂಸರು ಇದರಲ್ಲಿ ಕಿಟಕಿಯೇ ಕಾಣದಷ್ಟು. ನಿನ್ನೆ ಸಿಲಿಕಾ ಜೆಲ್ ಹುರಿದು ಅದನ್ನು ಡಬ್ಬಿಗೆ ಹಾಕಿದ್ದೇನೆ. ಇವತ್ತು ಬೆಳಿಗ್ಗೆ ನೋಡಿದಾಗ ಮೇಲಿನ ಕಾಳು ಆಗಲೇ ಗುಲಾಬಿಗೆ ತಿರುಗಿತ್ತು.